“ಇದು ನಿಜವಾಗ್ಲೂ ಯುದ್ಧದ ಕಾಲದ್ದೇನಾ?”

ಹಳೆಯ ಅಮೆರಿಕನ್ ಸೇನೆಯ ಹೆಲ್ಮೆಟ್, ಬಟ್ಟೆ, ತೋಳಿಗೆ ಹೊಲಿಯುವ ಪ್ಯಾಚ್‌ಗಳನ್ನು ಸಂಗ್ರಹಿಸುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. “ಇದು ಎರಡನೇ ಮಹಾಯುದ್ಧದ್ದೇ ಅಂತ ಹೇಗೆ ಹೇಳ್ತೀರಿ?”

ಒಂದು ಗುರುತು ನೋಡಿ ಹೇಳುವುದಿಲ್ಲ. ಲೋಹ, ಬಣ್ಣ, ಬಟ್ಟೆ, ಹೊಲಿಗೆ, ನಂಬರು ಎಲ್ಲವೂ ಒಂದೇ ಕಾಲವನ್ನು ತೋರಿಸುತ್ತವಾ ಅಂತ ನೋಡುತ್ತೇನೆ. ಯಾವುದೋ ಒಂದನ್ನು ನಕಲು ಮಾಡುವುದು ಸುಲಭ. ಎಲ್ಲವೂ ಒಂದಕ್ಕೊಂದು ಹೊಂದುವ ಹಾಗೆ ಮಾಡುವುದು ಬಹಳ ಕಷ್ಟ.

ಎಂ1 ಹೆಲ್ಮೆಟ್ಟನ್ನೇ ತೆಗೆದುಕೊಳ್ಳೋಣ. ಅಮೆರಿಕನ್ ಸೈನಿಕ ಅಂದರೆ ಕಣ್ಣ ಮುಂದೆ ಬರುವ ಆ ದುಂಡನೆಯ ಹೆಲ್ಮೆಟ್. 1941ರಲ್ಲಿ ಬಂತು. ಯುದ್ಧ ಮುಗಿಯುವ ಹೊತ್ತಿಗೆ 2 ಕೋಟಿಗೂ ಜಾಸ್ತಿ ತಯಾರಾಗಿದ್ದವು. ಹೆಚ್ಚಿನವನ್ನು ಮಾಡಿದ್ದು ಡೆಟ್ರಾಯಿಟ್‌ನ ಮೆಕಾರ್ಡ್ ಕಂಪನಿ, ಉಳಿದವನ್ನು ಸೇಂಟ್ ಲೂಯಿಸ್‌ನ ಶ್ಲೂಟರ್. ಒಳಗಡೆ ಮುಂಭಾಗದಲ್ಲಿ ಒತ್ತಿದ ಸಣ್ಣ ನಂಬರು ಇರುತ್ತದೆ. ಆ ತಗಡು ಯಾವ ಬಾರಿ ಕರಗಿಸಿದ ಉಕ್ಕಿನದು ಅನ್ನುವುದಕ್ಕೆ ಅದು ಗುರುತು. ನಂಬರಿನ ಜೊತೆ ಇಂಗ್ಲಿಷಿನ ‘ಎಸ್’ ಅಕ್ಷರ ಒಂಟಿಯಾಗಿ ನಿಂತಿದ್ದರೆ ಅದು ಶ್ಲೂಟರ್‌ನದು.

ಆಮೇಲೆ ಗದ್ದದ ಪಟ್ಟಿ ಸಿಕ್ಕಿಸುವ ಲೋಹದ ಕುಣಿಕೆ ನೋಡಿ. ಮೊದಮೊದಲು ಅದನ್ನು ಅಲ್ಲಾಡದಂತೆ ಬೆಸುಗೆ ಹಾಕುತ್ತಿದ್ದರು. ಹೆಲ್ಮೆಟ್ ಕೆಳಗೆ ಬಿದ್ದರೆ ಕಿತ್ತು ಬರುತ್ತಿತ್ತು. ಹಾಗಾಗಿ 1943ರಲ್ಲಿ ಮಡಚುವ ಕುಣಿಕೆ ಬಂತು. ಇನ್ನು ಅಂಚಿನ ಸುತ್ತ ಇರುವ ತೆಳು ಪಟ್ಟಿ. ಅದರ ಎರಡು ತುದಿ ಸೇರುವ ಜಾಗ ಮೊದಲು ಮುಂದೆ ಇತ್ತು, 1944ರ ಕೊನೆಯ ಹೊತ್ತಿಗೆ ಹಿಂದಕ್ಕೆ ಹೋಯಿತು. ಅಲ್ಲಾಡದ ಕುಣಿಕೆ ಇರುವ ಹೆಲ್ಮೆಟ್ಟಿಗೆ ಹಿಂಭಾಗದಲ್ಲಿ ಪಟ್ಟಿಯ ಕೂಡು ಇದ್ದರೆ ನಾನು ಅಲ್ಲೇ ನಿಲ್ಲುತ್ತೇನೆ. ಎರಡೂ ಒಂದೇ ಕಾಲದವಲ್ಲ.

ಯುದ್ಧದ ನಂತರ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಪಶ್ಚಿಮ ಜರ್ಮನಿ ಕೂಡ ಇದೇ ಆಕಾರದ ಹೆಲ್ಮೆಟ್ ಮಾಡಿಸಿದವು. ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಇರುತ್ತವೆ.

ನಿಜವಾದ ಮೋಸ ನಡೆಯುವುದು ಬಣ್ಣದಲ್ಲಿ. ಆಕಾಶದಿಂದ ಇಳಿದು ಹೋರಾಡುವ 101ನೇ ಏರ್‌ಬೋರ್ನ್ ಡಿವಿಷನ್ನಿನವರು ಹೆಲ್ಮೆಟ್ಟಿನ ಪಕ್ಕಕ್ಕೆ ಇಸ್ಪೀಟ್ ಎಲೆಯ ಚಿಹ್ನೆ ಬರೆದುಕೊಳ್ಳುತ್ತಿದ್ದರು. 502ನೇ ರೆಜಿಮೆಂಟಿಗೆ ಹಾರ್ಟ್, 506ಕ್ಕೆ ಸ್ಪೇಡ್, 501ಕ್ಕೆ ಡೈಮಂಡ್, 327ಕ್ಕೆ ಕ್ಲಬ್. ಸಾದಾ ಹೆಲ್ಮೆಟ್ಟಿಗೆ ಒಂದು ಸ್ಪೇಡ್ ಬಿತ್ತು ಅಂದರೆ ಬೆಲೆ ಎಲ್ಲಿಗೋ ಏರುತ್ತದೆ. ಭೂತಗನ್ನಡಿ ಹಿಡಿದು ಗೀರುಗಳನ್ನು ನೋಡಿ. ಹಳೆಯ ಬಣ್ಣವಾದರೆ ಗೀರು ಚಿಹ್ನೆಯನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಹೊಸದಾದರೆ ಬಣ್ಣವೇ ಹಳೆಯ ಗೀರಿನೊಳಗೆ, ತುಕ್ಕಿನ ಮೇಲೆ ಇಳಿದಿರುತ್ತದೆ. ಮಾರುವವರು ಎಂಥ ಕಥೆಯನ್ನೇ ಹೇಳಲಿ, ನಾನು ಗೀರನ್ನೇ ನಂಬುತ್ತೇನೆ.

ಭಾಗಗಳು ಹೊಂದದಿದ್ದರೆ ನಕಲಿ ಅಂತಲೇ ಅಲ್ಲ, ಅದೂ ಗೊತ್ತಿರಲಿ. ಯುದ್ಧಕಾಲದ ಹೆಲ್ಮೆಟ್‌ಗಳಿಗೆ ಹೊಸ ಬಣ್ಣ, ಹೊಸ ಪಟ್ಟಿ ಹಾಕಿ ಕೊರಿಯಾಕ್ಕೆ, ವಿಯೆಟ್ನಾಮಿಗೆ ಕೊಟ್ಟರು. ಅಂಥದ್ದು ನನಗೆ ಇನ್ನೂ ಇಷ್ಟ. ಆದರೆ ಅದನ್ನು 1944ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ನಡೆದ ಕದನದ್ದು ಅಂತ ಮಾರಬಾರದು, ಅಷ್ಟೇ.

ಬಟ್ಟೆ, ಬ್ಯಾಗುಗಳಿಗೆ ಲೇಬಲ್ಲೇ ದಾರಿ. ಉದಾಹರಣೆಗೆ, ಸೇನೆಯ ಸರಕಿಗೆ ಕೊಡುವ 11 ಅಂಕಿಯ ಸ್ಟಾಕ್ ನಂಬರ್ 1974ರಲ್ಲಿ 13 ಅಂಕಿ ಆಯಿತು. 13 ಅಂಕಿ ಇರುವ ಬ್ಯಾಗು ನಾರ್ಮಂಡಿಯನ್ನೂ ನೋಡಿಲ್ಲ, ವಿಯೆಟ್ನಾಮಿನಲ್ಲಿ ಹೋರಾಡಿದ ಅಮೆರಿಕನ್ನರ ಹೆಗಲನ್ನೂ ಏರಿಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಕಾಲರಿನ ಒಳಗೆ ಮಸುಕಾಗಿ ಕಾಣುವ ಒಂದು ಅಕ್ಷರ, 4 ಅಂಕಿ. ಮನೆತನದ ಹೆಸರಿನ ಮೊದಲ ಅಕ್ಷರ ಮತ್ತು ಸೈನಿಕನ ಸೀರಿಯಲ್ ನಂಬರಿನ ಕೊನೆಯ 4 ಅಂಕಿ. ಬಟ್ಟೆ ಒಗೆಯಲು ಹೋದಾಗ ಕಳೆಯದಿರಲಿ ಅಂತ ಹಾಕಿದ ಗುರುತು. ಅದರಿಂದ ಆ ಕೋಟು ತೊಟ್ಟ ಮನುಷ್ಯನ ತನಕ ಹೋಗಬಹುದು. ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 90 ಲಕ್ಷ ಜನರ ವಿವರವನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಅಕ್ಷರ ಮತ್ತು 4 ಅಂಕಿಗೆ ಹೊಂದುವವರು ಹಲವರು ಸಿಗುತ್ತಾರೆ. ತೋಳಿನ ಡಿವಿಷನ್ ಪ್ಯಾಚ್, ಜೇಬಿನಲ್ಲಿ ಸಿಕ್ಕ ಚೀಟಿ ಇಟ್ಟುಕೊಂಡು ಸೋಸಬೇಕು. ಮುಂದೆ ಹೋದರೆ ದೊಡ್ಡ ಗೋಡೆ ಇದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ಸೇನಾ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಕಡತಗಳು ಹೋದವು. 1912ರ ನವೆಂಬರ್‌ನಿಂದ 1960ರ ಆರಂಭದವರೆಗೆ ಸೇವೆಯಿಂದ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಸುಮಾರು 80% ಸುಟ್ಟವು. ಎಷ್ಟೋ ಜನರ ಸೇವೆಗೆ ಇವತ್ತು ಉಳಿದಿರುವ ಸಾಕ್ಷಿಗಳಲ್ಲಿ ಈ ಬಟ್ಟೆಗಳೂ ಸೇರಿವೆ. ಅದಕ್ಕೇ ಅವುಗಳ ಮೇಲೆ ಸುಳ್ಳು ಗುರುತು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ವಸ್ತು ಇದೆ. ಚೀನಾ, ಬರ್ಮಾ, ಭಾರತ ಸೇರಿದ ಯುದ್ಧವಲಯದ ಅಮೆರಿಕನ್ ಪ್ಯಾಚ್. ಗುರಾಣಿ ಆಕಾರ, ಕೆಳಗೆ ಕೆಂಪು ಬಿಳಿ ಪಟ್ಟೆ, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ. ಬೆಂಗಳೂರಿನಲ್ಲೂ ಅಮೆರಿಕನ್ನರಿದ್ದರು. 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಈಗಿನ ಎಚ್‌ಎಎಲ್, ವಿಮಾನ ರಿಪೇರಿಗಾಗಿ ಅಮೆರಿಕನ್ ಸೇನೆಯ ವಾಯುಪಡೆಯ ಕೈಗೆ ಹೋಗಿತ್ತು. ಇಲ್ಲಿದ್ದ ಸೈನಿಕರು ಈ ಪ್ಯಾಚನ್ನು ನಮ್ಮ ದರ್ಜಿಗಳ ಹತ್ತಿರ ಕೈಯಲ್ಲಿ, ಜರಿಯಲ್ಲಿ ಕಸೂತಿ ಮಾಡಿಸಿಕೊಳ್ಳುತ್ತಿದ್ದರು. ಸಂಗ್ರಹಕಾರರಿಗೆ ಮೆಷಿನ್ ಪ್ಯಾಚ್‌ಗಿಂತ ಇದೇ ಬೇಕು. ನಕಲಿಯೂ ಬೇಕಾದಷ್ಟಿದೆ, ಏಕೆಂದರೆ ಅದೇ ಕಸೂತಿ ಇವತ್ತೂ ನಡೆಯುತ್ತಿದೆ.

ಇದಕ್ಕೆ ಅಲ್ಟ್ರಾವಯಲೆಟ್ ಟಾರ್ಚ್ ಸಹಾಯ ಮಾಡುತ್ತದೆ. ಈಗಿನ ಎಷ್ಟೋ ದಾರಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಆ ಬೆಳಕಿನಲ್ಲಿ ಅವು ನೀಲಿಯಾಗಿ ಹೊಳೆಯುತ್ತವೆ. ಹಳೆಯ ಹತ್ತಿ ದಾರ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಆದರೆ ಅದೇ ರಾಸಾಯನಿಕ ಬಟ್ಟೆ ಒಗೆಯುವ ಪುಡಿಯಲ್ಲೂ ಇರುತ್ತದೆ. ಒಮ್ಮೆ ಒಗೆದರೆ ಅಸಲಿ ಪ್ಯಾಚೂ ಹೊಳೆಯುತ್ತದೆ, ಆಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ. ನಿಮ್ಮ ತಾತನ ಪೆಟ್ಟಿಗೆಯಲ್ಲಿ ಅಂಥದ್ದೇನಾದರೂ ಸಿಕ್ಕರೆ ದಯವಿಟ್ಟು ಒಗೆಯಬೇಡಿ. ಮುಂದೆ, ಹಿಂದೆ ಎರಡೂ ಕಡೆ ಫೋಟೋ ತೆಗೆದು ಕಳಿಸಿ.