ಗೇಟು ಬಿದ್ದಾಗ ಸಿಗುವ ಜನ

ಬೆಂಗಳೂರಿನ ಕಾರ್ಮೆಲರಾಂ ಕಡೆ ರೈಲ್ವೆ ಗೇಟು ಬಿತ್ತೆಂದರೆ ಬೈಕಿನವರೆಲ್ಲ ಗೊಣಗುತ್ತಾರೆ, ರೈಲುಗಳ ಫೋಟೊ ತೆಗೆಯುವ ನನಗೆ ಹಬ್ಬ. ಕ್ಯಾಮೆರಾ ಕಂಡವರು ಮೊದಲು ಕೇಳುವುದು ಒಂದೇ: "ಯಾವ ಚಾನೆಲ್ ಸರ್?" ರೈಲೆಂದರೆ ಪ್ರೀತಿ, ಅಷ್ಟೇ ಎಂದರೆ ಹೆಚ್ಚಿನವರು ನಂಬುವುದಿಲ್ಲ. ಎಳನೀರು ಮಾರುವ ಅಜ್ಜ ನಂಬಿದರು. ಹೊಸೂರು ಕಡೆಯಿಂದ ಬರುವ ಗಾಡಿಯ ಸದ್ದನ್ನು ನನಗಿಂತ ಮೊದಲೇ ಹಿಡಿದು, "ಗೂಡ್ಸು, ತುಂಬಿಕೊಂಡು ಬರುತ್ತಿದೆ" ಎನ್ನುತ್ತಾರೆ.

ಕಳೆದ ತಿಂಗಳು ಇಬ್ಬರು ಪೊಲೀಸರು ಬಂದರು. ಹಿರಿಯರು ನನ್ನ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಹಳದಿ ಬಿಲ್ಲೆಯ ಮೇಲೆ ಕಪ್ಪಗೆ ಇಂಗ್ಲಿಷಿನ ‘ಜಿ’ ಅಕ್ಷರವಿದ್ದ ಕಂಬದ ಬಳಿ ಬೆರಳು ನಿಂತಿತು.

"ಇದೇನು?"

"ಗೇಟ್ ಸಿಗ್ನಲ್ ಸರ್. ಗೇಟು ಪೂರ್ತಿ ಮುಚ್ಚಿ ಬೀಗ ಬೀಳುವವರೆಗೆ ಇದು ಹಸಿರಾಗುವುದಿಲ್ಲ."

ಅವರ ಮುಖ ಸಡಿಲವಾಯಿತು. "ಹಾಗಾದರೆ ಕೊನೇ ಗಳಿಗೆಯಲ್ಲಿ ನುಗ್ಗುವವರಿಂದಲೇ ಗಾಡಿ ನಿಲ್ಲುವುದು!"

ನನ್ನ ಕೋಪವೂ ಅದೇ. ನಾನಂತೂ ಫೋಟೊಗಾಗಿ ಹಳಿಗೆ ಕಾಲಿಡುವುದಿಲ್ಲ; 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅಪರಾಧ. ಹಳಿಯ ಮೇಲೆ ನಿಂತು ಸೆಲ್ಫಿ ತೆಗೆಯುವ ಹುಡುಗರನ್ನು ಕಂಡರೆ ಗದರದೆ ಬಿಡುವುದೂ ಇಲ್ಲ.

ಪೊಲೀಸರು ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡು ಹೊರಟರು. ಕೇಳಿದ್ದು ಅವರ ಕರ್ತವ್ಯ, ಬೇಸರವಿಲ್ಲ. ಕಿರಿಯ ಪೇದೆ ಮಾತ್ರ ಹಿಂದಿರುಗಿ ಬಂದು, ಮಗನಿಗೆ ತೋರಿಸಬೇಕೆಂದು ಇಂಜಿನ್ನಿನ ಚಿತ್ರವೊಂದನ್ನು ವಾಟ್ಸಾಪಿಗೆ ಹಾಕಿಸಿಕೊಂಡರು.