ಫಾಸ್ಟ್‌ಫುಡ್ ಹೋದಲ್ಲೆಲ್ಲ ನಿಜವಾಗಿ ಬದಲಾದದ್ದೇನು?

ಆಹಾರದ ಚರಿತ್ರೆಯ ಬಗ್ಗೆ ಬರೆಯುತ್ತೇನೆಂದು ತಿಳಿದ ಕೂಡಲೇ ಬಹಳ ಮಂದಿ ಕೇಳುವ ಪ್ರಶ್ನೆಯೊಂದಿದೆ: ಫಾಸ್ಟ್‌ಫುಡ್ ಕಂಪನಿಗಳು ಸ್ಥಳೀಯ ರುಚಿಗಳನ್ನು ಅಳಿಸಿಹಾಕಿ, ಜಗತ್ತಿನ ಊಟವನ್ನೆಲ್ಲ ಒಂದೇ ಬಗೆಯದಾಗಿಸುತ್ತಿಲ್ಲವೇ? ರುಚಿಯ ಮಟ್ಟಿಗೆ ಈ ಭಯ ಅತಿಯಾಯಿತೆಂದು ನಾನು ಹೇಳುತ್ತೇನೆ. ಹಾಗೆಂದು ನಿರಾಳವಾಗುವಂತಿಲ್ಲ, ಏಕೆಂದರೆ ಈ ಕಂಪನಿಗಳು ದೇಶದಿಂದ ದೇಶಕ್ಕೆ ಒಯ್ದದ್ದು ತಿನಿಸಿಗಿಂತ ಹೆಚ್ಚಾಗಿ ಅಡುಗೆಮನೆಯ ಒಂದು ವ್ಯವಸ್ಥೆಯನ್ನು.

1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಸಹೋದರರು, ಚೆನ್ನಾಗಿಯೇ ನಡೆಯುತ್ತಿದ್ದ ತಮ್ಮ ರೆಸ್ಟೋರೆಂಟನ್ನು ಕೆಲಕಾಲ ಮುಚ್ಚಿ, ಕಾರುಗಳ ಬಳಿಗೆ ಊಟ ಒಯ್ಯುತ್ತಿದ್ದ ಪರಿಚಾರಕಿಯರನ್ನು ಕೆಲಸದಿಂದ ಬಿಡಿಸಿ, ತಟ್ಟೆ ಚಮಚಗಳ ಬದಲು ಕಾಗದದ ಪೊಟ್ಟಣಗಳನ್ನು ತಂದು, ಮೆನುವನ್ನು ಒಂಬತ್ತು ಪದಾರ್ಥಗಳಿಗೆ ಇಳಿಸಿದರು. ಒಬ್ಬ ಮಾಂಸ ಬೇಯಿಸುವ, ಇನ್ನೊಬ್ಬ ಬನ್ ಜೋಡಿಸುವ, ಮತ್ತೊಬ್ಬ ಆಲೂಗಡ್ಡೆ ಕರಿಯುವ ಆ ಕ್ರಮದಲ್ಲಿ ನುರಿತ ಅಡುಗೆಯವರ ಅಗತ್ಯವೇ ಇರಲಿಲ್ಲ. 1955ರಿಂದ ಆ ಸಹೋದರರ ಜೊತೆ ಒಪ್ಪಂದ ಮಾಡಿಕೊಂಡ ವ್ಯಾಪಾರಿ ರೇ ಕ್ರಾಕ್ ಊರೂರಿಗೆ ಹಬ್ಬಿಸಿದ್ದು ಈ ಕ್ರಮವನ್ನೇ. ಬರ್ಗರ್ ಅದಕ್ಕೊಂದು ನೆಪ ಎಂದರೂ ನಡೆದೀತು.

ತಿನಿಸಾದರೋ ಹೋದ ಕಡೆಯಲ್ಲೆಲ್ಲ ಸುಲಭವಾಗಿ ಬಗ್ಗಿದೆ. ಕ್ರೈಸ್ತರು ತೀರ ಕಡಿಮೆಯಿರುವ ಜಪಾನಿನಲ್ಲಿ, 1974ರ ಪ್ರಚಾರವೊಂದರ ನಂತರ ಕ್ರಿಸ್‌ಮಸ್‌ಗೆ ಕೆಎಫ್‌ಸಿ ಕೋಳಿ ತಿನ್ನುವುದು ಪದ್ಧತಿಯಾಯಿತು. ಆ ಕಂಪನಿಯ ತವರಾದ ಅಮೆರಿಕದಲ್ಲಿ ಅಂಥ ಪದ್ಧತಿಯಿಲ್ಲ. ಫಿಲಿಪೀನ್ಸ್‌ನ ಜಾಲಿಬೀ ಕಂಪನಿ ಅದೇ ಅಡುಗೆಮನೆಯ ಕ್ರಮವನ್ನು ಕಲಿತು, ಅನ್ನದ ಜೊತೆ ಕರಿದ ಕೋಳಿಯನ್ನೂ ಸಿಹಿಯಾದ ಸ್ಪಾಗೆಟ್ಟಿಯನ್ನೂ ಮಾರಿ, ತನ್ನ ನೆಲದಲ್ಲಿ ಮೆಕ್‌ಡೊನಾಲ್ಡ್ಸ್ ಅನ್ನು ಹಿಂದಿಕ್ಕಿತು. ಹಾಂಗ್‌ಕಾಂಗ್‌ನ ಶಾಲಾ ಮಕ್ಕಳಂತೂ ಮೆಕ್‌ಡೊನಾಲ್ಡ್ಸ್ ಮಳಿಗೆಗಳಲ್ಲಿ, ಬೇಗ ತಿಂದು ಏಳಲೆಂದೇ ರೂಪಿಸಿದ ಆಸನಗಳಲ್ಲಿ ಗಂಟೆಗಟ್ಟಲೆ ಕುಳಿತು ಹೋಮ್‌ವರ್ಕ್ ಮಾಡಿದರು.

ಆದರೆ ಅಡುಗೆಮನೆಯ ಕ್ರಮ ಹೀಗೆ ಬಗ್ಗುವುದಿಲ್ಲ, ಅದು ತನ್ನ ಸುತ್ತಲಿನದನ್ನೇ ಬಗ್ಗಿಸುತ್ತದೆ. 1990ರ ಜನವರಿಯಲ್ಲಿ ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ತೆರೆದಾಗ ಮೊದಲ ದಿನವೇ ಸುಮಾರು 30,000 ಜನ ಬಂದರೆಂಬುದು ಎಲ್ಲೆಡೆ ಸುದ್ದಿಯಾಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಸ್ಥಳೀಯ ಪೂರೈಕೆ ತನ್ನ ಅಳತೆಗೆ ಒಗ್ಗದ್ದರಿಂದ ಕಂಪನಿ ಅಲ್ಲಿಯೇ ಸಂಸ್ಕರಣಾ ಘಟಕವನ್ನು ಕಟ್ಟಿ, ತನಗೆ ಬೇಕಾದ ತಳಿಯ ಆಲೂಗಡ್ಡೆಯನ್ನು ರೈತರಿಂದ ಬೆಳೆಸಲು ಹೊರಟದ್ದು. 2022ರಲ್ಲಿ ಉಕ್ರೇನ್ ಯುದ್ಧದ ಕಾರಣ ಕಂಪನಿ ರಷ್ಯಾವನ್ನು ತೊರೆದಾಗ, ಅದೇ ಮಳಿಗೆಗಳು ಹೊಸ ಒಡೆಯನ ಕೈಕೆಳಗೆ ಬೇರೆ ಹೆಸರು ಹೊತ್ತು, ಹೆಚ್ಚುಕಡಿಮೆ ಅದೇ ಮೆನುವಿನೊಂದಿಗೆ ಜೂನ್ ತಿಂಗಳಲ್ಲೇ ಮತ್ತೆ ತೆರೆದವು.

ಈ ಸಂಗತಿಯನ್ನು ಸರಿಯಾಗಿ ಗುರುತಿಸಿದವರು ಇಟಲಿಯ ಕಾರ್ಲೊ ಪೆಟ್ರಿನಿ ಮತ್ತು ಸಂಗಡಿಗರು. 1986ರಲ್ಲಿ ರೋಮ್‌ನ ಪ್ರಸಿದ್ಧ ಹಳೆಯ ತಾಣವಾದ ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿ ಮೆಕ್‌ಡೊನಾಲ್ಡ್ಸ್ ಬಂದುದನ್ನು ವಿರೋಧಿಸಿದ ಅವರು ಕಟ್ಟಿದ ‘ಸ್ಲೋ ಫುಡ್’ ಚಳವಳಿ, ಬರ್ಗರನ್ನಲ್ಲ, ವೇಗವನ್ನೇ ಎದುರಾಳಿಯೆಂದು ಕಂಡಿತು. ಆದರೂ ನಿಧಾನವಾಗಿ ಉಣ್ಣಲು ಬಿಡುವೂ ಹಣವೂ ಬೇಕು ಎಂಬ ಆಕ್ಷೇಪಣೆಗೆ ಆ ಚಳವಳಿಯಿಂದ ತೃಪ್ತಿಕರ ಉತ್ತರ ನನಗೆ ಸಿಕ್ಕಿಲ್ಲ. ದೂರದ ಕೆಲಸ, ಗಿಡ್ಡ ಊಟದ ವಿರಾಮ, ಮನೆಯವರೆಲ್ಲ ಬೇರೆ ಬೇರೆ ಹೊತ್ತಿನಲ್ಲಿ ಹಸಿದು ಬರುವ ಸ್ಥಿತಿ, ಇವು ಅನೇಕ ನಗರಗಳಿಗೆ ಫಾಸ್ಟ್‌ಫುಡ್‌ಗಿಂತ ಮುಂಚೆಯೇ ಬಂದಿದ್ದವು. ಹೀಗಿರುವಾಗ, ಒಟ್ಟಿಗೆ ಕುಳಿತು ಉಣ್ಣುವ ರೂಢಿ ಸಡಿಲವಾದದ್ದರ ಪೂರ್ತಿ ಹೊಣೆಯನ್ನು ಆ ಕಂಪನಿಗಳ ಮೇಲೆ ಹೊರಿಸಲು ನಾನು ಒಪ್ಪುವುದಿಲ್ಲ. ದುಡಿಮೆಯ ಗಂಟೆಗಳನ್ನು ನಿಗದಿ ಮಾಡುವವರದೂ ಅದರಲ್ಲಿ ದೊಡ್ಡ ಪಾಲಿದೆ.