ಕೂತ ಮೇಲೆ ಲೈಟು

"ಅವಳು ಕೂತಿರಲಿಲ್ಲ ಸಾರ್."

ಶನಿವಾರ ರಾತ್ರಿಯಿಂದ ಈ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಹಲ್ಲುಜ್ಜುವಾಗ ಕೇಳುತ್ತದೆ. ಬಸ್ಸಿಗೆ ಕಾಯುವಾಗ ಕೇಳುತ್ತದೆ. ನಿನ್ನೆ ಎಂಟನೇ ಕ್ಲಾಸಿಗೆ ಲೋಪಸಂಧಿ ಹೇಳಿಕೊಡುತ್ತಾ ಬೋರ್ಡಿನ ಮುಂದೆ ಸುಮ್ನೆ ನಿಂತುಬಿಟ್ಟೆ. ಮಕ್ಕಳಿಗೆ ಖುಷಿ, ಮೇಷ್ಟ್ರಿಗೆ ಮರೆತುಹೋಯ್ತು ಅಂತ.

ವಾರ್ಷಿಕೋತ್ಸವದ ಗಲಾಟೆ ಗೊತ್ತಲ್ಲ. ಮುಖ್ಯ ಅತಿಥಿ ಮುಕ್ಕಾಲು ಗಂಟೆ ಮಾತಾಡಿದರು. ಬಹುಮಾನ ಕೊಟ್ಟು ಮುಗಿಯಲೇ ಇಲ್ಲ. ಏಳೂವರೆಯ ನಾಟಕ ಶುರುವಾಗಿದ್ದು ಒಂಬತ್ತಕ್ಕೆ. ಊರಿನ ಬಾವಿ ಬತ್ತಿಹೋದ ಕತೆ. ಮಕ್ಕಳೇ ತಮ್ಮ ಮನೆಯ ಅಜ್ಜಿಯರನ್ನು ಕೇಳಿಕೊಂಡು ಬಂದು ಕಟ್ಟಿದ್ದು. ಕೊನೆಗೆ ಬರುವ ಹೊತ್ತಿಗೆ ಒಮ್ಮೆ ಪೂರ್ತಿ ಕತ್ತಲೆ. ಆಮೇಲೆ ಬಾವಿಕಟ್ಟೆಯ ಮೇಲೆ ಅಜ್ಜಿ ಒಬ್ಬಳೇ, ಮೇಲಿಂದ ಮಂದ ಹಳದಿ ಬೆಳಕು. ಇಡೀ ನಾಟಕದಲ್ಲಿ ನನಗೆ ತುಂಬಾ ಇಷ್ಟದ ಚಿತ್ರ ಅದು.

ಕತ್ತಲೆ ಆಯಿತು. ಬೆಳಕು ಬರಲೇ ಇಲ್ಲ.

ಯಾರದೋ ಅಪ್ಪ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. 41 ಸೆಕೆಂಡು ಬರೀ ಕಪ್ಪು. ಅದನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ, ಅಂದರೆ ಕೇಳಿದ್ದೇನೆ. ಮೊದಲು ಸದ್ದಿಲ್ಲ. ಆಮೇಲೆ ಒಬ್ಬ ಶಿಳ್ಳೆ ಹಾಕುತ್ತಾನೆ. "ಕರೆಂಟ್ ಹೋಯ್ತೇನ್ರೀ?" ಅಂತ ಒಂದು ಹೆಂಗಸಿನ ದನಿ. ಎಲ್ಲೋ ಮಗು ಅಳುತ್ತದೆ. ಅಷ್ಟರಲ್ಲಿ ಅಜ್ಜಿ ಪಾತ್ರದ ಹುಡುಗಿ, ಸ್ವಲ್ಪವೂ ನಡುಗದೆ: "ಕಣ್ಣು ಮಂಜಾಗೈತೆ ಕಣವ್ವಾ. ಬಾವಿ ಎಲ್ಲೈತೆ ಅಂತಾನೂ ಕಾಣಾಕಿಲ್ಲ." ಆ ಮಾತು ನಾಟಕದಲ್ಲಿ ಇಲ್ಲವೇ ಇಲ್ಲ. ಕೋಲು ನೆಲಕ್ಕೆ ತಾಗುವ ಸದ್ದು. ಒಂದು ಸಣ್ಣ ಕಿರ್ರ್. ಇನ್ನೂ ಐದು ಸೆಕೆಂಡು. ಆಗ ಬೆಳಕು ಬರುತ್ತದೆ, ಮೆಲ್ಲಗೆ, ಬೆಳಗಾದ ಹಾಗೆ. ಅವಳು ಕಟ್ಟೆಯ ಮೇಲೆ ಕೂತಿದ್ದಾಳೆ.

ನಾಟಕ ಮುಗಿದದ್ದೇ ಹೆಡ್ಮಾಸ್ಟರು ತೆರೆಯ ಹಿಂದೆ ಬಂದರು. ಒಳ್ಳೆಯ ಮನುಷ್ಯ. ನಾಟಕಕ್ಕೆ ದುಡ್ಡು ಕೇಳಿದರೆ ಇಲ್ಲ ಅಂದವರಲ್ಲ. ಆದರೆ ಅವರ ಪ್ರಕಾರ ನಾಟಕ ಅಂದರೆ ಡೈಲಾಗು. ಮಿಕ್ಕವರೆಲ್ಲ ಪಾತ್ರ ಸಿಗದವರು. "ನಿದ್ದೆ ಹೊಡೀತಿದ್ದೆಯೇನೋ? ಅತಿಥಿಗಳ ಮುಂದೆ ಮರ್ಯಾದೆ ತೆಗೆದೆಯಲ್ಲೋ" ಅಂತ ಲೈಟಿನ ಹುಡುಗನನ್ನು ಎಲ್ಲರೆದುರು ಬೈದರು. ಅವನು ತಲೆ ತಗ್ಗಿಸಿ ನಿಂತಿದ್ದ. ನಾನು ಅಲ್ಲೇ ವೈರ್ ಸುತ್ತುತ್ತಿದ್ದೆ. ಮೊಣಕೈಗೂ ಅಂಗೈಗೂ ಹಾಕಿ, ಬಹಳ ಶ್ರದ್ಧೆಯಿಂದ ಸುತ್ತುತ್ತಿದ್ದೆ. ಅವರು ಹೋದ ಮೇಲೆ ಹುಡುಗ ನನ್ನ ಕಡೆ ತಿರುಗಿದ.

"ಅವಳು ಕೂತಿರಲಿಲ್ಲ ಸಾರ್."

ಅಷ್ಟೇ ಹೇಳಿದ್ದು. ನಾನು "ಸರಿ ಬಿಡು, ಊಟ ಮಾಡು ಹೋಗು" ಅಂದೆ.

ಈ ಹುಡುಗನ ಬಗ್ಗೆ ಸ್ವಲ್ಪ ಹೇಳಬೇಕು. ಹತ್ತನೇ ಕ್ಲಾಸು. ಕಳೆದ ವಿಜ್ಞಾನದ ಟೆಸ್ಟಿನಲ್ಲಿ 25ಕ್ಕೆ 9. ಲೈಟು ಏರಿಸಿ ಇಳಿಸುವ ಡಿಮ್ಮರ್ ಬಾಡಿಗೆಗೆ ತಂದ ದಿನ ಅವನೇ ಬಂದು ಲೆಕ್ಕ ಒಪ್ಪಿಸಿದ್ದ. "500 ವ್ಯಾಟಿನ ಆರು ಲೈಟು, 3000 ಆಯ್ತು. 230ರಿಂದ ಭಾಗಿಸಿದ್ರೆ 13 ಆಂಪಿಯರ್ ಸಾರ್. 15ರ ಪ್ಲಗ್ಗು ತಡೆಯುತ್ತೆ. ಆದ್ರೆ ಅದೇ ಲೈನಿಗೆ ಅಡುಗೆಮನೆಯವರು ಗ್ರೈಂಡರ್ ಹಾಕಬಾರದು." ಹೋಗಿ ಅಡುಗೆಯವರಿಗೂ ಹೇಳಿ ಬಂದ. ಟೆಸ್ಟಿನಲ್ಲಿ ಬಿಟ್ಟು ಬಂದಿದ್ದ ಪ್ರಶ್ನೆಯೂ ಇದೇ ಲೆಕ್ಕದ್ದಂತೆ, ವಿಜ್ಞಾನದ ಮೇಡಂ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು 625 ಅಂಕ. ಅದರಲ್ಲಿ ಕತ್ತಲೆಯಲ್ಲಿ ಕಿವಿ ತೆರೆದು ಕಾಯುವುದಕ್ಕೆ ಒಂದೂ ಇಲ್ಲ. ಇರಲಿ ಅಂತಲೂ ನಾನು ಹೇಳುತ್ತಿಲ್ಲ. ಇದ್ದಿದ್ದರೆ ಅದಕ್ಕೂ ಗೈಡು ಬರುತ್ತಿತ್ತು, ಟ್ಯೂಷನ್ನು ಬರುತ್ತಿತ್ತು.

ಇಪ್ಪತ್ತು ವರ್ಷದ ಹಿಂದೆ ನಾನು ಹೆಗ್ಗೋಡಿನ ನೀನಾಸಮ್‌ನಲ್ಲಿ ಒಂದು ವರ್ಷ ನಾಟಕ ಕಲಿತೆ. ನಟನಾಗುವ ಆಸೆಯಿಂದ ಹೋದವನು ಮೊದಲು ಹಿಡಿದದ್ದು ಪೊರಕೆ, ಆಮೇಲೆ ಸುತ್ತಿಗೆ. ಅವರ ನಾಟಕ ತಂಡ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆಯಲ್ಲ, ಅಲ್ಲಿ ನಿನ್ನೆ ರಾತ್ರಿ ರಾಜನಾಗಿ ಮೆರೆದವನೇ ಬೆಳಿಗ್ಗೆ ಸೆಟ್ಟು ಹೊರುತ್ತಾನೆ. ಅದನ್ನು ನೋಡಿದ ಮೇಲೆ ತೆರೆಯ ಮುಂದೆ, ಹಿಂದೆ ಅನ್ನುವ ಭೇದ ನನ್ನ ತಲೆಯಿಂದ ಹೋಯಿತು ಅಂದುಕೊಂಡಿದ್ದೆ. ಈ ಹುಡುಗರಿಗೆ, ನಾಟಕಗಳಿಗೆ ಬೆಳಕು ಮಾಡುತ್ತಿದ್ದ ತಾಪಸ್ ಸೇನ್ ಕತೆಯನ್ನೂ ಹೇಳಿದ್ದೆ. 1959ರಲ್ಲಿ ಕಲ್ಕತ್ತದಲ್ಲಿ, ಉತ್ಪಲ್ ದತ್ತರ ನಾಟಕ. ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಕೆಲಸಗಾರರು ಮುಳುಗುವುದನ್ನು ಸೇನ್ ಒಂದು ಹನಿ ನೀರಿಲ್ಲದೆ, ಬೆಳಕಿನಲ್ಲೇ ತೋರಿಸಿದರು. ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದ್ದ. ಇಷ್ಟೆಲ್ಲ ಭಾಷಣ ಬಿಗಿದವನು ಶನಿವಾರ ರಾತ್ರಿ ವೈರ್ ಸುತ್ತುತ್ತಾ ನಿಂತಿದ್ದೆ.

ಸೋಮವಾರ ಅವನ ಕ್ಯೂ ಪುಸ್ತಕ, ಅಂದರೆ ಯಾವ ಲೈಟು ಯಾವಾಗ ಅಂತ ಬರೆದಿಟ್ಟದ್ದು, ತರಿಸಿಕೊಂಡೆ. ಹಳೆಯ 200 ಪುಟದ ನೋಟ್‌ಬುಕ್ಕು, ಮುಂದೆ ಸಮಾಜ, ಹಿಂದಿನಿಂದ ತಿರುಗಿಸಿದರೆ ನಾಟಕ. ಪ್ರತಿ ಲೈಟಿಗೂ ಒಂದು ಸಾಲು, ಸ್ಕೇಲಿನಿಂದ ಗೆರೆ. ಅಲ್ಲಿ ಹೀಗಿತ್ತು: "ಕ್ಯೂ 7. ಅಜ್ಜಿ ಕೂತ ಮೇಲೆ. 5 ಎಣಿಸಿ. ಸಾರ್ ಹೇಳಿದ್ದು."

ಆಮೇಲೆ ಹುಡುಗಿಯ ಸ್ಕ್ರಿಪ್ಟು ಕೇಳಿದೆ. ಅದೇ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: "ಬೆಳಕು ಬಂದ ಮೇಲೆ ಕೂರು." ಅಕ್ಷರ ಅವಳದ್ದಲ್ಲ. ನನ್ನದು.

ನನ್ನ ಕೆಲಸ ಹೀಗೆ. ಒಂದು ದಿನ ಇವಳಿಗೆ ಒಂದು ಹೇಳಿದೆ. ಮೂರು ದಿನ ಬಿಟ್ಟು ಇನ್ನೂ ಚೆನ್ನಾದದ್ದು ಹೊಳೆಯಿತು, ಅದನ್ನು ಅವನಿಗೆ ಹೇಳಿದೆ. ಇವಳಿಗೆ ತಿದ್ದಲಿಲ್ಲ. ಪ್ರಾಕ್ಟೀಸು ಪೂರ್ತಿ ನಡೆದದ್ದು ಮಧ್ಯಾಹ್ನ ಮೂರೂವರೆಗೆ, ಕಿಟಕಿ ತೆರೆದ ಹಾಲಿನಲ್ಲಿ. ಹುಡುಗ ಬಾಯಲ್ಲೇ "ಕತ್ತಲೆ" ಅನ್ನುತ್ತಿದ್ದ, "ಬೆಳಕು" ಅನ್ನುತ್ತಿದ್ದ. ಅವಳು ನಡೆಯುತ್ತಾ ಬಂದು ಕೂರುತ್ತಿದ್ದಳು. ಎಲ್ಲವೂ ಎಲ್ಲರಿಗೂ ಕಾಣುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರೂ ಗಮನಿಸಲಿಲ್ಲ. ನಿಜವಾದ ಕತ್ತಲೆ ನಮಗೆ ಸಿಕ್ಕಿದ್ದೇ ಶನಿವಾರ ರಾತ್ರಿ. ಅವಳು ಬೆಳಕಿಗೆ ಕಾದಳು. ಅವನು ಅವಳಿಗೆ ಕಾದ. ಇಬ್ಬರೂ ನಾನು ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿದರು.

ಕಟ್ಟೆಯ ಅಂಚಿಗೆ ಕತ್ತಲೆಯಲ್ಲಿ ತಾನೇ ಹೊಳೆಯುವ ರೇಡಿಯಂ ಟೇಪ್ ಒಂದು ತುಂಡು ಅಂಟಿಸಿದ್ದರೂ ಅವಳಿಗೆ ದಾರಿ ಕಾಣುತ್ತಿತ್ತು. ಅದೂ ನನ್ನ ಕೆಲಸವೇ.

ಒಂದು ಮಾತ್ರ ಅರ್ಥವಾಗಿರಲಿಲ್ಲ. ಕತ್ತಲೆಯಲ್ಲಿ ಅವಳು ಕೂತದ್ದು ಅವನಿಗೆ ಹೇಗೆ ಗೊತ್ತಾಯಿತು? ಕೇಳಿದೆ.

"ಬಿದಿರು ಕಿರ್ ಅಂತು ಸಾರ್."

ಬಾವಿಕಟ್ಟೆ ಮಾಡಿದ್ದು ಬಿದಿರಿನ ದಬ್ಬೆಯಿಂದ. ಮೇಲೆ ಗೋಣಿಚೀಲ, ಮೈದಾ ಅಂಟು, ಪೇಪರು, ಕೆಮ್ಮಣ್ಣು. ಯಾರು ಕೂತರೂ ಕಿರ್ ಅನ್ನುತ್ತಿತ್ತು. ಆ ಸದ್ದು ಹೋಗಿಸಿ ಅಂತ ನಾನೇ ಸೆಟ್ಟಿನ ಹುಡುಗರಿಗೆ ಎರಡು ಸಲ ಗದರಿದ್ದೆ. ಪುಣ್ಯಕ್ಕೆ ಅವರು ನನ್ನ ಮಾತು ಕೇಳಿರಲಿಲ್ಲ.

ಮಂಗಳವಾರ ಹೆಡ್ಮಾಸ್ಟರ ರೂಮಿಗೆ ಹೋದೆ. ತಪ್ಪು ಹುಡುಗನದಲ್ಲ, ನನ್ನದು ಅಂತ ಎರಡೂ ಪುಸ್ತಕ ತೋರಿಸಿದೆ. ಅವರು ಕನ್ನಡಕ ತೆಗೆದು ನಕ್ಕರು. "ಬಿಡಿ ಸಾರ್, ಮಕ್ಕಳ ನಾಟಕ ತಾನೆ. ಅದನ್ನ ಯಾಕೆ ಇಷ್ಟು ತಲೆಗೆ ಹಚ್ಕೊಂಡಿದ್ದೀರ?" ಬೈದಿದ್ದರೆ ಒಳ್ಳೆಯದಿತ್ತು. ಹುಡುಗನಿಗೆ ಎಲ್ಲರೆದುರು ಬಿದ್ದ ಬೈಗುಳಕ್ಕೆ ನನ್ನ ಈ ಬಾಗಿಲು ಹಾಕಿದ ರೂಮಿನ ಒಪ್ಪಿಗೆ ಸಮ ಅಲ್ಲ, ಅದೂ ಗೊತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಮೈಕು ಹಿಡಿದು ಹೇಳಬೇಕು ಅಂತ ಬುಧವಾರ ಹೊರಟೆ. ಅವತ್ತು ಪ್ರಾರ್ಥನೆ ಮುಗಿದ ಕೂಡಲೇ ಕಬಡ್ಡಿ ಗೆದ್ದವರಿಗೆ ಚಪ್ಪಾಳೆ ಹೊಡೆಸಿದರು, ಗಂಟೆ ಬಾರಿಸಿತು. ನೆಪ ಸಿಕ್ಕಿತು ಅಂತಲೇ ಹೇಳಬೇಕು.

ಬರುವ ತಿಂಗಳು ಪಕ್ಕದ ಊರಿನ ಶಾಲೆಯಲ್ಲಿ ಇನ್ನೊಂದು ಶೋ ಇದೆ. ಇವತ್ತು ಸಂಜೆ ಆ ಜಾಗ ಸರಿ ಮಾಡೋಣ ಅಂತ ಇಬ್ಬರನ್ನೂ ಕರೆದೆ. ಅವರು ಮುಖ ಮುಖ ನೋಡಿಕೊಂಡರು.

"ನಾವಾಗ್ಲೇ ಮಾಡ್ಕೊಂಡಿದ್ದೀವಿ ಸಾರ್," ಅಂದಳು ಹುಡುಗಿ. "ನಾನು ಕೂತು ಕೋಲನ್ನ ಎರಡು ಸಲ ಕುಟ್ಟತೀನಿ. ಅಜ್ಜಿ ಸಿಟ್ಟು ಬಂದಾಗ ಹೆಂಗೂ ಕುಟ್ಟತಾಳಲ್ವಾ."

ಬೈಕಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಯಿಂದ ಇಪ್ಪತ್ತು ರೂಪಾಯಿಯ ರೇಡಿಯಂ ಟೇಪೂ ತಂದಿಟ್ಟಿದ್ದರು. ಹುಡುಗ ನೋಟ್‌ಬುಕ್ಕು ತಿರುಗಿಸಿ ತೋರಿಸಿದ. ಏಳನೇ ಕ್ಯೂ ಹೊಸದಾಗಿ ಬರೆದಿದ್ದ. ಹಳೆಯ ಸಾಲನ್ನು "ಸಾರ್ ಹೇಳಿದ್ದು" ಅನ್ನುವವರೆಗೂ ನೀಟಾಗಿ, ಸ್ಕೇಲಿಟ್ಟು ಹೊಡೆದುಹಾಕಿದ್ದ.